ಆಶ್ಲೇಷಾ, ನಾಲ್ಕನೆಯ ಪಾದ

ನಮ್ಮ ಊರಿನಲ್ಲಿ ಮಗು ಹುಟ್ಟಿದರೆ ಗಡಿಯಾರಗಳು ನಿಲ್ಲುತ್ತವೆ. ಚಾವಡಿಯ ದೊಡ್ಡ ಗಡಿಯಾರ, ಮನೆಮನೆಯ ಗೋಡೆ ಗಡಿಯಾರ, ಕೈಗೆ ಕಟ್ಟಿಕೊಂಡದ್ದು, ತಲೆದಿಂಬಿನ ಪಕ್ಕ ಇಟ್ಟುಕೊಂಡದ್ದು, ಎಲ್ಲವೂ ಒಟ್ಟಿಗೆ. ನಿಂತ ಕೂಡಲೇ ಚಾವಡಿಯ ರಾಮೋಜಿ ಮುಳ್ಳು ಎಲ್ಲಿದೆ ಎಂದು ನೋಡಿ, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೊತ್ತು ಬರೆದು, ಗಂಟೆ ಬಾರಿಸುತ್ತಾನೆ. ಗಂಟೆ ಕೇಳಿದ ಮೇಲೆ ನಾವೆಲ್ಲ ನಮ್ಮ ನಮ್ಮ ಗಡಿಯಾರವನ್ನು ಮತ್ತೆ ಓಡಿಸಿಕೊಳ್ಳುತ್ತೇವೆ. ಅರ್ಧ ನಿಮಿಷದ ಕೆಲಸ. ಒಲೆಯ ಮೇಲೆ ಹಾಲಿಟ್ಟವರು ಒಂದು ಕಣ್ಣು ಹಾಲಿನ ಮೇಲಿಟ್ಟುಕೊಂಡೇ ಲೋಲಕ ತಳ್ಳುತ್ತಾರೆ. ಬೀದಿಯಲ್ಲಿ ಸಿಕ್ಕವರು "ಯಾರ ಮನೇಲಂತೆ?" ಎಂದು ಕೇಳಿಕೊಳ್ಳುತ್ತಾರೆ.

ಹಾಗಾಗಿ ಹುಟ್ಟಿದ ಹೊತ್ತಿನ ಬಗ್ಗೆ ನಮ್ಮಲ್ಲಿ ತಕರಾರಿಲ್ಲ. ಗಡಿಯಾರ ನಿಂತದ್ದೇ ಹೊತ್ತು. ಆ ಹೊತ್ತನ್ನಿಟ್ಟುಕೊಂಡು ನಂಜುಂಡ ಜೋಯಿಸರು ಜಾತಕ ಬರೆದರೆಂದರೆ ಅದನ್ನು ಅಳಿಸುವವರಿಲ್ಲ.

ನಾನು ಹುಟ್ಟಿದ್ದು ಮಾಘ ಮಾಸದ ಹುಣ್ಣಿಮೆಯ ದಿನ. ಗಡಿಯಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತಿತಂತೆ. ಜೋಯಿಸರು ಲೆಕ್ಕ ಹಾಕಿ ಆಶ್ಲೇಷಾ ನಕ್ಷತ್ರ, ನಾಲ್ಕನೆಯ ಪಾದ ಎಂದು ಬರೆದರು. ಬರೆಯುವಾಗ ಒಂದು ನಿಟ್ಟುಸಿರು ಬಿಟ್ಟರೆಂದು ಅಮ್ಮ ಹೇಳುತ್ತಿದ್ದಳು. ಆಶ್ಲೇಷಾ ನಕ್ಷತ್ರದ ಹೆಣ್ಣು ಅತ್ತೆಗೆ ಆಗಿಬರುವುದಿಲ್ಲ ಎಂದು ಎಲ್ಲ ಊರಿನಲ್ಲೂ ಹೇಳುತ್ತಾರೆ. ನಮ್ಮ ಊರಿನಲ್ಲಿ ಅದಕ್ಕೊಂದು ಕಟ್ಟಳೆಯೂ ಇದೆ. ನಾಲ್ಕನೆಯ ಪಾದದವಳು ಅತ್ತೆಯ ಮುಖ ನೋಡಬಾರದು, ಅತ್ತೆಗೆ ತನ್ನ ಮುಖ ತೋರಿಸಬಾರದು. ನೋಡಿದರೆ ಅತ್ತೆ ವರ್ಷ ದಾಟುವುದಿಲ್ಲ.

ಇಪ್ಪತ್ತನಾಲ್ಕು ವರ್ಷವಾಗುವವರೆಗೆ ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅತ್ತೆಯಿಲ್ಲದ ಮನೆಗಳನ್ನು ಅಪ್ಪ ಹುಡುಕಿದ. ಅಂಥ ಮನೆಗಳಿಗೆ ನನಗಿಂತ ಮೊದಲೇ ಬೇರೆ ಆಶ್ಲೇಷೆಯವರು ಹೋಗಿಬಿಟ್ಟಿದ್ದರು. ಕೊನೆಗೆ ಬಂದದ್ದು ಚಂದ್ರಭಾಗಮ್ಮನವರ ಮನೆಯಿಂದ. ಆಕೆ ವಿಧವೆ, ಒಬ್ಬನೇ ಮಗ ಗೋಪಿನಾಥ, ಬೋರ್ಡು ಬರೆಯುವ ಕೆಲಸ. ಬೇರೆಯವರ ಲಗ್ನಪತ್ರಿಕೆಗಳಿಗೆಂದು ನಾನು ಟೈಪು ಹೊಡೆಯುವ ಅಂಗಡಿಗೆ ಬಂದು ಹೋಗಿ ಅವರಿಗೆ ನಾನು ಹಿಡಿಸಿದ್ದೆ. ಜೋಯಿಸರು ಆಗದು ಎಂದಾಗ ಚಂದ್ರಭಾಗಮ್ಮ ಕೇಳಿದರಂತೆ, "ಮುಖ ನೋಡಬಾರದು, ಅಷ್ಟೇ ತಾನೇ? ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ?"

ಜೋಯಿಸರು ಗ್ರಂಥ ತೆರೆದು ನೋಡಿ, ಬರೆದಿಲ್ಲ ಎಂದರು.

ಮದುವೆಗೆ ಮೊದಲು ಮನೆಯ ನಡುವೆ ಗೋಡೆ ಎದ್ದಿತು. ಮುಂದಿನ ಬೀದಿಯ ಅರ್ಧ ಅತ್ತೆಗೆ, ಹಿಂದಿನ ಓಣಿಯ ಅರ್ಧ ನಮಗೆ. ಅಡಿಗೆಮನೆಯ ಕಟ್ಟೆಯ ಎತ್ತರದಲ್ಲಿ ಗೋಡೆಯಲ್ಲೊಂದು ಆಚೀಚೆ ತೆರೆದ ಗೂಡು ಬಿಟ್ಟು ಅದಕ್ಕೆ ಎರಡೂ ಕಡೆ ಪರದೆ ಕಟ್ಟಿದರು. ಆ ಗೂಡಿನಲ್ಲಿ ಹದಿನೇಳು ವರ್ಷ ನಾವು ಬಟ್ಟಲು ದಾಟಿಸಿದೆವು, ಮಾತು ದಾಟಿಸಿದೆವು. ಗೊಜ್ಜಿಗೆ ಎಷ್ಟು ಬೆಲ್ಲ, ಶೀತಕ್ಕೆ ಯಾವ ಕಷಾಯ, ಮೂರನೆಯ ಮನೆಯ ಮದುವೆಗೆ ಯಾವ ಸೀರೆ. ನನಗೆ ಮಕ್ಕಳಾಗಲಿಲ್ಲ. ಹದಿನೇಳು ವರ್ಷದಲ್ಲಿ ಆ ಗೂಡಿನಿಂದ ಅದರ ಬಗ್ಗೆ ಒಂದು ಮಾತು ಬರಲಿಲ್ಲ. ಒಂದು ಸಲ ಮಾತ್ರ, ನಾನು ಈಚೆ ಅಳುತ್ತಿದ್ದದ್ದು ಕೇಳಿಸಿತೇನೋ, ಪರದೆಯ ಅಡಿಯಿಂದ ಒಂದು ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡು ಬಹಳ ಹೊತ್ತು ಹಾಗೇ ಇತ್ತು. ಕೈ ನೋಡಬಾರದು ಎಂದೂ ಬರೆದಿರಲಿಲ್ಲ.

ಹೊರಗೆ ಓಡಾಡುವಾಗ ಊರೇ ನಮಗೆ ನೆರವಾಯಿತು. ನಾನು ಸಂತೆಗೆ ಹೊರಟರೆ ಹೂವಿನವಳು, "ವಿಶಾಲಕ್ಕಾ, ಬಲಗಡೆ ಹೋಗಿ, ನಿಮ್ಮತ್ತೆ ಎಡಗಡೆ ತೆಂಗಿನಕಾಯಿ ಆರಿಸ್ತವ್ರೆ" ಅನ್ನುತ್ತಿದ್ದಳು. ದೇವಸ್ಥಾನದಲ್ಲಿ ಅತ್ತೆ ಪ್ರದಕ್ಷಿಣೆ ಮುಗಿಸಿ ಹೊರಟ ಮೇಲೆ ಪೂಜಾರಿ ನನಗೆ ಕೈ ಬೀಸುತ್ತಿದ್ದರು. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಊರಿನಲ್ಲಿ ಇಂಥ ಜೋಡಿಗಳು ಏಳೆಂಟು ಇದ್ದವು.

ನಂಬುತ್ತಿದ್ದಿರಾ ಎಂದು ಯಾರಾದರೂ ಕೇಳಬಹುದು. ಪೂರ್ತಿ ನಂಬಿಕೆ ನನಗೂ ಇರಲಿಲ್ಲ, ಅತ್ತೆಗೂ ಇರಲಿಲ್ಲ. ಆದರೆ ನಂಬದಿರುವ ಧೈರ್ಯವೂ ಇಬ್ಬರಿಗೂ ಇರಲಿಲ್ಲ. ನಾನು ನೋಡಿ, ಆ ವರ್ಷವೇ ಅವರಿಗೆ ಏನಾದರೂ ಆದರೆ, ನಾನು ಹೇಗೆ ಬಾಳುವುದು?

ಹೋದ ದೀಪಾವಳಿ ಕಳೆದು ಹತ್ತು ದಿನಕ್ಕೆ ಅತ್ತೆ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿತು. ಘಟ್ಟದ ಕೆಳಗಿನ ಜಂಕ್ಷನ್ ಊರಿನಿಂದ ಬಂದ ಡಾಕ್ಟರು ಪಟ್ಟಿ ಬಿಗಿದು, ಮೂರು ತಿಂಗಳು ಮಗ್ಗಲು ಬದಲಿಸುವುದಕ್ಕೂ ಯಾರಾದರೂ ಬೇಕು ಎಂದು ಹೇಳಿ ಹೋದರು. ನೋಡಿಕೊಳ್ಳಲು ಬಂದ ಹೆಂಗಸು ಒಂಬತ್ತು ದಿನವಿದ್ದು, ಮಗಳ ಬಾಣಂತನವೆಂದು ಹೊರಟುಹೋದಳು. ಉಳಿದವರು ನನ್ನ ಗಂಡ. ಅವರು ತಾಯಿಯನ್ನು ಎತ್ತಿ ಕೂರಿಸುತ್ತಿದ್ದರು, ಗಂಜಿ ಕುಡಿಸುತ್ತಿದ್ದರು. ಆದರೆ ಮೈ ಒರೆಸಲು, ಸೀರೆ ಬದಲಿಸಲು ಅತ್ತೆ ಬಿಡುತ್ತಿರಲಿಲ್ಲ. "ಹೆತ್ತ ಮಗ ಕಣೋ ನೀನು. ಹೋಗಾಚೆ" ಎನ್ನುತ್ತಿದ್ದರು. ಮೂರು ದಿನ ಅದೇ ಸೀರೆಯಲ್ಲಿ ಮಲಗಿದ್ದರು. ಅವರು ನರಳುವುದು ಗೂಡಿನಿಂದ ನನಗೆ ಕೇಳುತ್ತಿತ್ತು. ನಾನು ಗೋಡೆಗೆ ಹಣೆಯಿಟ್ಟು ನಿಂತಿರುತ್ತಿದ್ದೆ.

ನಾಲ್ಕನೆಯ ದಿನ ನನಗೆ ತಡೆಯಲಾಗಲಿಲ್ಲ. ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಣ್ಣಿಗೆ ಬಿಗಿದು ಕಟ್ಟಿಕೊಂಡೆ. ಸೆರಗನ್ನು ಗದ್ದದವರೆಗೆ ಇಳಿಬಿಟ್ಟೆ. ಗಂಡನ ಕೈ ಹಿಡಿದು ಓಣಿ ಸುತ್ತಿ ಮುಂದಿನ ಬೀದಿಯಿಂದ ಅತ್ತೆಯ ಮನೆಯೊಳಗೆ ಹೋದೆ.

"ಯಾರದು?" ಎಂದರು ಅತ್ತೆ.

"ನಾನು ಅತ್ತೆ. ಕಣ್ಣು ಕಟ್ಟಿಕೊಂಡಿದೀನಿ. ನೀವು ಮುಖ ಆ ಕಡೆ ತಿರುಗಿಸಿ."

ದಿಂಬು ಸರಿದ ಸದ್ದಾಯಿತು. ಆಮೇಲೆ, "ತಿರುಗಿಸಿದೀನಿ, ಬಾ" ಎಂದರು. ಅವರ ದನಿಯಲ್ಲಿ ನಗು ಇತ್ತು.

ಗಂಡ ಕುದಿನೀರಿನ ತಂಬಿಗೆಯನ್ನೂ ಬೆರೆಸಿಕೊಳ್ಳಲು ತಣ್ಣೀರಿನ ಪಾತ್ರೆಯನ್ನೂ ಇಟ್ಟು ಹೊರಗೆ ಹೋದರು. ತಡವುತ್ತ ಅವರ ಬೆನ್ನು ಒರೆಸಿದೆ, ತೋಳು ಒರೆಸಿದೆ. ಕಾಲಿನ ಹತ್ತಿರ ಬಂದಾಗ ತಂಬಿಗೆಯ ಅಂಚಿಗೆ ನನ್ನ ಮೊಣಕೈ ತಾಗಿತು. ಕುದಿಯುವ ನೀರು ಅವರ ಪಾದದ ಮೇಲೆ ಚೆಲ್ಲಿತು.

ಅವರು ಕಿರುಚಲಿಲ್ಲ. ಹಲ್ಲು ಕಚ್ಚಿ ಉಸಿರೆಳೆದುಕೊಂಡ ಸದ್ದು ಮಾತ್ರ ಕೇಳಿತು. "ಏನೂ ಆಗಿಲ್ಲ ಕಣೇ, ಏನೂ ಆಗಿಲ್ಲ" ಎಂದರು. ಆದರೆ ಮಾರನೆಯ ದಿನಕ್ಕೆ ಪಾದ ಪೂರ್ತಿ ಬೊಬ್ಬೆ ಎದ್ದಿತ್ತೆಂದು ಗಂಡ ಹೇಳಿದರು. ಆ ರಾತ್ರಿ ಅವರಿಗೆ ಜ್ವರ ಬಂದಿತ್ತು. ನನಗೆ ಅನುಮಾನವೇ ಉಳಿಯಲಿಲ್ಲ. ಕಣ್ಣು ಕಟ್ಟಿದರೂ ಆಶ್ಲೇಷಾ ತನ್ನ ಕೆಲಸ ಮಾಡಿತ್ತು. ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡೆ. ಗೂಡಿನ ಹತ್ತಿರವೂ ಹೋಗಲಿಲ್ಲ. ಅತ್ತೆ ಆಚೆಯಿಂದ "ವಿಶಾಲೂ" ಎಂದು ಕರೆದರೆ ಒಲೆಯ ಮುಂದೆ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದೆ.

ಅಲ್ತಾಫ್ ಬಂದದ್ದು ಅದರ ಮುಂದಿನ ವಾರ. ಅವರು ಜಂಕ್ಷನ್ ಊರಿನವರು, ನನ್ನಷ್ಟೇ ವಯಸ್ಸು, ಸುತ್ತಮುತ್ತಲಿನ ಕಂಪ್ಯೂಟರುಗಳನ್ನು ರಿಪೇರಿ ಮಾಡುವವರು. ನನ್ನ ಅಂಗಡಿಯಲ್ಲಿ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಐದಾರು ವರ್ಷವಾಗಿತ್ತು. ಲಗ್ನಪತ್ರಿಕೆ, ಅರ್ಜಿ, ತಿಥಿಯ ಕಾರ್ಡು, ಎಲ್ಲ ಅದರಲ್ಲೇ. ಆವತ್ತು ನಾನು ನಾಲ್ಕಕ್ಕೆ ಅಂಗಡಿ ತೆರೆದು, ಆರು ಗಂಟೆಯ ಹೊತ್ತಿಗೆ ಕಾಫಿ ತರಿಸಿದ್ದೆ. ಅಲ್ತಾಫರ ವಾಚಿನಲ್ಲಿ ಹನ್ನೊಂದು. ಹೊರಗಿನವರ ವಾಚನ್ನು ನಮ್ಮಲ್ಲಿ ಯಾರೂ ಗಮನಿಸುವುದಿಲ್ಲ. ಅವರ ಹೊತ್ತು ಅವರಿಗೆ, ನಮ್ಮ ಹೊತ್ತು ನಮಗೆ. ಬಸ್ಸಿನ ವೇಳೆಯ ಬೋರ್ಡನ್ನು ಎರಡು ಮೂರು ವರ್ಷಕ್ಕೊಮ್ಮೆ ನನ್ನ ಗಂಡ ಹೊಸದಾಗಿ ಬರೆಯುತ್ತಾರೆ. ಬಸ್ಸಿನವರು ಬೇಗ ಬೇಗ ಬರುವುದನ್ನು ಕಲಿತಿದ್ದಾರೆ ಎಂದೇ ಎಲ್ಲರ ಲೆಕ್ಕ.

ಅಲ್ತಾಫ್ ಯಂತ್ರದ ಧೂಳು ಊದಿ, ತಂತಿ ಬದಲಿಸಿ, ಒಂದು ಸಿ.ಡಿ. ತೂರಿಸಿದರು. "ಅಕ್ಕಾ, ಇದೊಂದು ಹಾಕಿರ್ತೀನಿ. ಜಾತಕ ಬರೆಯೋ ಸಾಫ್ಟ್‌ವೇರು. ಪೂರ್ತಿ ಫ್ರೀ. ಯಾರೋ ಪುಣ್ಯಾತ್ಮ ವರ್ಷಗಟ್ಟಲೆ ಕೂತು ಮಾಡಿ, ಬೇಕಾದೋರು ತಗೊಳ್ಳಿ ಅಂತ ಬಿಟ್ಟಿದಾನೆ. ಕನ್ನಡದಲ್ಲೇ ಬರುತ್ತೆ."

"ಬೇಡ. ನಮ್ಮಲ್ಲಿ ಜೋಯಿಸರಿದ್ದಾರೆ. ಅವರು ನೊಂದುಕೊಳ್ತಾರೆ."

"ಇರಲಿ ಬಿಡಿ, ಒಂದು ಮೂಲೇಲಿ ಬಿದ್ದಿರುತ್ತೆ. ಊಟ ಕೇಳುತ್ತಾ, ಬಟ್ಟೆ ಕೇಳುತ್ತಾ?"

ಅದು ತೆರೆದುಕೊಳ್ಳುತ್ತಿದ್ದಾಗಲೇ ಗೋಡೆಯ ಗಡಿಯಾರ ನಿಂತಿತು. ಅಲ್ತಾಫರ ವಾಚೂ ನಿಂತಿತು, ಪರದೆಯ ಮೂಲೆಯಲ್ಲಿದ್ದ ಅಂಕಿಯೂ ನಿಂತಿತು. ನಾವು ಕಾಯುತ್ತ ಕೂತೆವು. ಚಾವಡಿಯ ಗಂಟೆ ಕೇಳಿತು. ಎದ್ದು ಲೋಲಕ ತಳ್ಳಿದೆ.

"ನೋಡಿ ಅಕ್ಕಾ," ಎಂದರು ಅಲ್ತಾಫ್ ವಾಚಿಗೆ ಕೀ ತಿರುಗಿಸುತ್ತ, "ನಿಮ್ಮೂರಲ್ಲಿ ಹೀಗೆ ನಿಂತಾಗೆಲ್ಲ ನನ್ನ ವಾಚು ಅರ್ಧ ನಿಮಿಷ ಹಿಂದೆ ಬೀಳುತ್ತೆ. ಊರಿಗೆ ಹೋಗಿ ಸರಿ ಮಾಡ್ಕೊಬೇಕು. ನೀವು ಯಾರೂ ಸರಿ ಮಾಡ್ಕೊಳೋದೇ ಇಲ್ವಾ?"

ಸರಿ ಮಾಡಿಕೊಳ್ಳುವುದು ಎಂದರೇನು ಎಂದು ನನಗೆ ಅರ್ಥವಾಗಲಿಲ್ಲ. ನಾನು ಕಾಫಿ ಲೋಟ ಎತ್ತಿಟ್ಟೆ. ಅವರು ಹೊರಟುಹೋದರು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆ ಸಾಫ್ಟ್‌ವೇರು ಹುಟ್ಟಿದ ದಿನ, ಹೊತ್ತು, ಊರು ಕೇಳುತ್ತ ಪರದೆಯ ಮೇಲೆ ಕಾದಿತ್ತು. ನಾನು ನನ್ನದನ್ನೇ ತುಂಬಿದೆ. ಊರುಗಳ ಪಟ್ಟಿ ಬಹಳ ಉದ್ದವಿತ್ತು. ಕಂಡು ಕೇಳದ ದೇಶದ ಹಳ್ಳಿಗಳೆಲ್ಲ ಇದ್ದವು, ನಮ್ಮ ಊರು ಇರಲಿಲ್ಲ. ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಜಂಕ್ಷನ್ ಊರನ್ನೇ ಆರಿಸಿದೆ. ಒಂದು ಗಂಟೆಯ ಬಸ್ಸಿನ ದಾರಿಗೆ ಚಂದ್ರನೇನು ಅಷ್ಟು ದೂರ ಓಡುವುದಿಲ್ಲ ಎಂದುಕೊಂಡೆ. ಕ್ಷಣದಲ್ಲಿ ಹನ್ನೆರಡು ಮನೆಯ ಕುಂಡಲಿ ಬಂತು. ಕೆಳಗೆ ಬರೆದಿತ್ತು: ಆಶ್ಲೇಷಾ, ನಾಲ್ಕನೆಯ ಪಾದ.

ಯಂತ್ರವಾದರೂ ಬೇರೆ ಹೇಳೀತು ಎಂದು ನಾನು ಆಸೆಪಟ್ಟಿದ್ದೆ ಅಂತ ಗೊತ್ತಾದದ್ದು ಆಗಲೇ. ಮುಚ್ಚಿಬಿಡೋಣ ಎಂದು ಕೈಯಿಟ್ಟೆ. ಆಗ ಕೆಳಗಿನ ಎರಡು ಸಾಲು ಕಣ್ಣಿಗೆ ಬಿದ್ದವು. ಆಶ್ಲೇಷಾ ಐದು ಗಂಟೆ ಇಪ್ಪತ್ತೊಂದು ನಿಮಿಷದವರೆಗೆ, ಅನಂತರ ಮಖಾ. ಸೂರ್ಯೋದಯ ಆರು ಗಂಟೆ ನಲವತ್ತಾರು ನಿಮಿಷ.

ಆರು ನಲವತ್ತಾರಕ್ಕೆ ಸೂರ್ಯ ಹುಟ್ಟುವುದೆಂದರೇನು ಎಂದು ನಗು ಬಂತು. ನಮ್ಮಲ್ಲಿ ಸೂರ್ಯ ಹುಟ್ಟುವುದು ಒಂದು ಒಂದೂವರೆಗೆ. ನಾನು ಚಿಕ್ಕವಳಿದ್ದಾಗ ನಾಲ್ಕಕ್ಕೆ ಹುಟ್ಟುತ್ತಿದ್ದ. ಹಾಗೆ ಅಂದುಕೊಂಡವಳೇ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಾಲ್ಕಕ್ಕೆ ಹುಟ್ಟುತ್ತಿದ್ದ. "ನೀನು ಬಿಸಿಲಿನ ಜೊತೆಗೇ ಬಂದೋಳು ಕಣೇ. ನಿನ್ನ ಅಳು ಕೇಳೋದಕ್ಕೂ ಹೊಸಿಲ ಮೇಲೆ ಬಿಸಿಲು ಬೀಳೋದಕ್ಕೂ ಸರಿಹೋಯ್ತು" ಎಂದು ಅಮ್ಮ ಎಷ್ಟು ಸಲ ಹೇಳಿದ್ದಳು! ಅರ್ಧ ನಿಮಿಷ, ಅರ್ಧ ನಿಮಿಷ ಎಂದು ನಮ್ಮ ಗಡಿಯಾರಗಳು ಹುಟ್ಟಿದ ಪ್ರತಿ ಮಗುವಿಗೂ ಒಂದು ಹೆಜ್ಜೆ ಹಿಂದೆ ಬೀಳುತ್ತ ಬಂದಿದ್ದವು. ಸೂರ್ಯ ಮಾತ್ರ ತನ್ನ ಪಾಡಿಗೆ ತಾನು ಏಳುತ್ತಿದ್ದ.

ಹೊತ್ತಿನ ಜಾಗದಲ್ಲಿ ಆರು ನಲವತ್ತಾರು ಎಂದು ತುಂಬಿದೆ. ಮಖಾ, ಒಂದನೆಯ ಪಾದ ಎಂದು ಬಂತು. ಮಖೆಯವಳಿಗೆ ನಮ್ಮಲ್ಲಿ ಯಾವ ಕಟ್ಟಳೆಯೂ ಇಲ್ಲ.

ಕುಣಿದಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆದರಿಕೆಯಾಯಿತು. ಯಂತ್ರ ನಾನು ಕೊಟ್ಟದ್ದನ್ನು ತಿರುಗಿಸಿ ನನಗೇ ಕೊಡುತ್ತದೆ. ನನಗೆ ಬೇಕಾದ ನಕ್ಷತ್ರ ಬರುವವರೆಗೆ ಅಂಕಿ ತಿದ್ದುತ್ತ ಕೂತರೆ ಯಾರು ತಡೆಯುತ್ತಾರೆ? ಅಮ್ಮ ತೀರಿಕೊಂಡು ಹತ್ತು ವರ್ಷ. ಅವಳ ಮಾತಿಗೆ ಸಾಕ್ಷಿಯಿಲ್ಲ. ನನ್ನ ಆಸೆಗೆ ಮರುಳಾಗಿ ನಾನು ಅತ್ತೆಯ ಮುಂದೆ ಹೋಗಿ ನಿಂತು, ಲೆಕ್ಕ ತಪ್ಪಿದ್ದರೆ? ಸುಟ್ಟ ಆ ಪಾದ ನೆನಪಾಯಿತು. ಎರಡು ಹಾಳೆಗಳನ್ನೂ ಮುದ್ರಿಸಿ, ಅಂಗಡಿಗೆ ಬೀಗ ಹಾಕಿ, ನೇರವಾಗಿ ಜೋಯಿಸರ ಮನೆಗೆ ಹೋದೆ.

ಜೋಯಿಸರಿಗೆ ಆಗ ಎಪ್ಪತ್ತೊಂಬತ್ತು. ಜಗಲಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಯಂತ್ರದಲ್ಲಿ ಜಾತಕ ಬರುತ್ತಂತೆ ನಿನ್ನ ಅಂಗಡೀಲಿ" ಎಂದರು. ಅಲ್ತಾಫ್ ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಸುದ್ದಿ ಇಲ್ಲಿಗೆ ತಲುಪಿತ್ತು. "ಏನು ಕೊಡಬೇಕಂತೆ ಅದಕ್ಕೆ?"

"ಏನೂ ಇಲ್ಲ. ಪುಕ್ಕಟೆ."

"ಹಾಗಾದರೆ ಅದರ ಮಾತೂ ಪುಕ್ಕಟೆ."

ನಾನು ಮೊದಲನೆಯ ಹಾಳೆ ಕೊಟ್ಟೆ. ಅವರು ಮೂಗಿನ ಹತ್ತಿರ ಹಿಡಿದು ಒಂದೊಂದೇ ಮನೆ ಓದಿದರು. ಲಗ್ನ ಧನು. ಮೂರನೆಯ ಮನೆಯಲ್ಲಿ ಸೂರ್ಯ. ಕರ್ಕಾಟಕದಲ್ಲಿ ಚಂದ್ರ. ಓದುತ್ತ ಓದುತ್ತ ಮುಖ ಅರಳಿತು. "ಇದು ನಾನು ಬರೆದದ್ದೇ ಕಣಮ್ಮ! ನಿನ್ನ ಜಾತಕ. ಅಂಶ ಸಮೇತ ನನ್ನದೇ. ಅಡ್ಡಿಯಿಲ್ಲ, ಮಾಡಿದೋನು ಓದಿಕೊಂಡೋನೇ."

ಎರಡನೆಯದನ್ನು ಕೊಟ್ಟೆ. "ಇದು ಯಾರದು?" ಎಂದರು.

"ನಂದೇ. ಸೂರ್ಯ ಹುಟ್ಟಿದ ಹೊತ್ತಿಗೆ."

"ಗಡಿಯಾರ ನಾಲ್ಕು ಹತ್ತಕ್ಕೆ ನಿಂತಿತ್ತು."

"ಹೌದು. ಅದು ನಿಂತಾಗ ಕತ್ತಲಿತ್ತೋ ಬೆಳಕಿತ್ತೋ, ಅದನ್ನ ಕೇಳೋಕೆ ಬಂದೆ. ಈ ಮೊದಲನೇ ಹಾಳೆ ಪ್ರಕಾರ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ನಾನು ಕತ್ತಲಲ್ಲಿ ಹುಟ್ಟಬೇಕಿತ್ತು. ನಮ್ಮಮ್ಮ ಬಿಸಿಲಿತ್ತು ಅಂತಿದ್ದಳು."

ಜೋಯಿಸರು ಎರಡೂ ಹಾಳೆಗಳನ್ನು ತೊಡೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮುಗಿಯಿತು ಎಂದುಕೊಂಡೆ. ಆದರೂ ಜಗಲಿಯಲ್ಲೇ ಕೂತಿದ್ದೆ. ಸುಮಾರು ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅವರು ಪಂಚೆ ಬದಲಿಸಿ, ಶಲ್ಯ ಹೊದ್ದು ಬಂದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು.

"ಮಾಘಸ್ನಾನ ಅವತ್ತು" ಎಂದರು. "ಹೊಳೇಲಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ. ಬೊಗಸೇಲಿ ಅರ್ಘ್ಯ. ಬೆನ್ನ ಹಿಂದೆ ಹುಣ್ಣಿಮೆ ಚಂದ್ರ ಮುಳುಗ್ತಾ ಇದ್ದ. ಎದುರಿಗೆ ಸೂರ್ಯ ಅರ್ಧ ಎದ್ದಿದ್ದ. ಆಗ ಚಾವಡಿ ಗಂಟೆ ಬಾರಿಸ್ತು. ಒದ್ದೆ ಪಂಚೇಲೇ ಬಂದು ಹಲಗೆ ನೋಡಿ, ನಾಲ್ಕು ಹತ್ತು ಅಂತ ಬರಕೊಂಡೆ. ಇವತ್ತಿನವರೆಗೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲವಲ್ಲಮ್ಮ ನಾನು!"

"ನಿಮಗೆ ಯಾವತ್ತೂ ಅನುಮಾನ ಬರಲಿಲ್ವಾ?"

"ಬಂತು. ನಾನು ಹೇಳಿದ್ದು ಹತ್ತಕ್ಕೆ ಒಂದು ಹೊಂದುತಾ ಇತ್ತು. ನನ್ನ ವಿದ್ಯೆಯೇ ಸರಿಯಿಲ್ಲ, ನಮ್ಮಪ್ಪ ಕಲಿಸಿದ್ದು ನನಗೆ ಹತ್ತಲಿಲ್ಲ ಅಂದ್ಕೊಂಡೆ. ಐವತ್ತು ವರ್ಷ ಹಾಗೇ ಅಂದ್ಕೊಂಡೇ ಬರೆದೆ. ಗಡಿಯಾರದ ಮೇಲೆ ಅನುಮಾನ ಪಡೋದು ಹೇಗೆ? ಮಗು ಹುಟ್ಟಿದ್ದನ್ನ ಅದೇ ಅಲ್ವಾ ನಮಗೆ ಹೇಳೋದು?" ಎಂದು ಎರಡನೆಯ ಹಾಳೆಯನ್ನು ಮತ್ತೆ ನೋಡಿದರು. "ಕುಂಭ ಲಗ್ನ, ಲಗ್ನದಲ್ಲೇ ಸೂರ್ಯ. ಸೂರ್ಯ ಏಳುವಾಗ ಹುಟ್ಟಿದೋರ ಸೂರ್ಯ ಲಗ್ನದಲ್ಲೇ ಇರಬೇಕು. ಮೊದಲನೇ ಪಾಠದಲ್ಲೇ ಬರುತ್ತೆ ಇದು. ನಡಿ, ಹೋಗೋಣ."

"ಎಲ್ಲಿಗೆ?"

"ಚಂದ್ರಭಾಗಮ್ಮನ ಹತ್ರ. ಗೋಡೆ ಕಟ್ಟಿಸಿದೋನು ನಾನು. ನಾನೇ ಹೇಳಬೇಕು."

ಇಬ್ಬರೂ ನಡೆದೆವು. ನಡು ಮಧ್ಯಾಹ್ನದ ಬಿಸಿಲು. ನನ್ನನ್ನು ಮುಂದಿನ ಬೀದಿಯಲ್ಲಿ ಕಂಡು ಹೂವಿನವಳು ಎದ್ದು ನಿಂತು, "ವಿಶಾಲಕ್ಕಾ, ಈ ಕಡೆ ಅಲ್ಲ!" ಎಂದು ಕೂಗಿದಳು. ಜೋಯಿಸರು ಕೈಯೆತ್ತಿ ಅವಳನ್ನು ಸುಮ್ಮನಿರಿಸಿದರು. ಅತ್ತೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಅವರು ಒಳಗೆ ಹೋದರು. ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತುಕೊಂಡೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಹೊಳೆ, ಅರ್ಘ್ಯ, ನಾಲ್ಕು ಹತ್ತು, ಮಖಾ. ಹೇಳಿ ಮುಗಿಸಿ ಜೋಯಿಸರು, "ತಪ್ಪಾಯ್ತು ತಾಯಿ" ಎಂದರು.

"ಹದಿನೇಳು ವರ್ಷ, ಜೋಯಿಸರೇ" ಎಂದರು ಅತ್ತೆ. ಅಷ್ಟೇ. ಮೆಟ್ಟಿಲಿಳಿಯುವಾಗ ಜೋಯಿಸರು ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು.

"ವಿಶಾಲೂ ಅಲ್ಲೇ ಇದಾಳೇನೋ ಗೋಪಿ?" ಅತ್ತೆಯ ದನಿ.

"ಬಾಗಿಲಲ್ಲೇ ಇದಾಳಮ್ಮ. ಕರೀಲಾ?"

"ಬೇಡ, ಬೇಡ! ಇರು. ತಲೆ ಬಾಚಿಲ್ಲ ನಾನು. ಆ ಬಾಚಣಿಗೆ ಕೊಡು. ಹೊಸದಾಗಿ ಮುಖ ನೋಡೋಕೆ ಬರ್ತಾ ಇದಾಳೆ, ದೆವ್ವದ ಹಾಗೆ ಕೂತಿರಲಾ?"

ಬಾಗಿಲ ಹೊರಗೆ ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ, ಅಳುತ್ತಿದ್ದೆ. ಬಾಚುವುದು ಮುಗಿಯುವ ಹಾಗೇ ಕಾಣಲಿಲ್ಲ. ಜಡೆ ಹಾಕಲು ನನ್ನ ಗಂಡನಿಗೆ ಬರುವುದಿಲ್ಲ. ಬೋರ್ಡಿನ ಮೇಲೆ ಅಕ್ಷರ ಬರೆದಷ್ಟು ನಿಧಾನವಾಗಿ ತಾಯಿಯ ಕೂದಲು ಬಿಡಿಸುತ್ತಿದ್ದಿರಬೇಕು. ಬೀದಿಯ ಜನ ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದರು. ಕೊನೆಗೆ "ಬಾ" ಎಂದು ಕೇಳಿತು. ನಾನು ತಿರುಗಿ ಒಳಗೆ ಹೋದೆ.

ಆ ದನಿಯಿಂದ ನಾನು ದೊಡ್ಡ ಮೈಕಟ್ಟಿನ, ಅಗಲ ಮುಖದ ಹೆಂಗಸನ್ನು ಕಟ್ಟಿಕೊಂಡಿದ್ದೆ. ಹಾಸಿಗೆಯ ಮೇಲೆ ಗುಬ್ಬಿಯಂಥ ಒಬ್ಬ ಮುದುಕಿ ದಿಂಬಿಗೆ ಒರಗಿ ಕೂತಿದ್ದಳು. ಚೂಪು ಗದ್ದ, ಎಡ ಹುಬ್ಬಿನ ಮೇಲೆ ಮಚ್ಚೆ, ಒಂದೇ ಕಡೆ ವಾಲಿದ ಜಡೆ. ಆಕೆಯ ಕಣ್ಣು ನನ್ನ ಹಣೆಯಿಂದ ಕಾಲಿನವರೆಗೆ ಇಳಿದು, ಮತ್ತೆ ಮೇಲೆ ಬಂತು.

"ಇಷ್ಟೊಂದು ಎತ್ತರಾನಾ ನೀನು?" ಎಂದರು.

ನಾನು ಹೋಗಿ ಅವರ ಪಾದದ ಹತ್ತಿರ ಕೂತೆ. ಬೊಬ್ಬೆಗಳು ಒಣಗಿ ಸಿಪ್ಪೆ ಏಳುತ್ತಿದ್ದವು. ಅದು ಬರಿಯ ಬಿಸಿನೀರಿನ ಗಾಯ. ಕಣ್ಣು ಕಟ್ಟಿಕೊಂಡವಳ ಮೊಣಕೈ ತಾಗಿ ಆದದ್ದು. ಅದಕ್ಕಿಂತ ಹೆಚ್ಚಿನದು ಏನೂ ಅದರಲ್ಲಿರಲಿಲ್ಲ. ತಲೆಯನ್ನು ಹಾಸಿಗೆಯ ಅಂಚಿಗೆ ಇಟ್ಟೆ. ಅತ್ತೆ ನನ್ನ ಕೂದಲಲ್ಲಿ ಬೆರಳಾಡಿಸುತ್ತ, "ನರೆ ಬಂದಿದೆಯಲ್ಲೇ. ಇವನು ಹೇಳಲೇ ಇಲ್ಲ" ಎಂದರು. ಗಂಡ ಬಾಚಣಿಗೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತವರು ಹಾಗೇ ಕುಸಿದು ಕೂತು, ಎರಡು ವಾರದ ನಿದ್ದೆಯೆಲ್ಲ ಒಟ್ಟಿಗೆ ಬಂದ ಹಾಗೆ ಅಲ್ಲೇ ನಿದ್ದೆಹೋದರು.

ಆಮೇಲೆ ಊರಲ್ಲಿ ನಡೆದದ್ದನ್ನು ಹೆಚ್ಚು ಹೇಳಬೇಕಾಗಿಲ್ಲ. ಮಾರನೆಯ ದಿನದಿಂದ ನನ್ನ ಅಂಗಡಿಯ ಮುಂದೆ ಸಾಲು ನಿಂತಿತು. ಜೋಯಿಸರು ಕಂಪ್ಯೂಟರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. "ನೀನು ಹುಟ್ಟಿದಾಗ ಬಿಸಿಲು ಎಲ್ಲಿತ್ತು? ನಿಮ್ಮಮ್ಮ ಏನು ಅಂತಿದ್ದಳು? ದನ ಮೇಯಕ್ಕೆ ಹೋಗಿದ್ದವಾ, ಬಂದಿದ್ದವಾ?" ಎಂದು ಅವರು ಕೇಳುವುದು, ನಾನು ಒತ್ತುವುದು. ಮೂಲಾ ನಕ್ಷತ್ರದ ಮೂವರಲ್ಲಿ ಇಬ್ಬರದು ಮೂಲಾ ಆಗಿರಲಿಲ್ಲ. ರಾಜಯೋಗವೆಂದು ಬೀಗುತ್ತಿದ್ದ ಒಬ್ಬರ ಯೋಗ ಕುಂಡಲಿಯ ಪಕ್ಕದ ಮನೆಗೆ ಸರಿದು ಮಾಯವಾಯಿತು. ಅವರೂ ಎರಡು ದಿನ ಮುನಿಸಿಕೊಂಡಿದ್ದು, ಇನ್ನು ಮೇಲೆ ಯಾರೂ ತಮ್ಮಿಂದ ಏನೂ ನಿರೀಕ್ಷಿಸುವುದಿಲ್ಲವೆಂದು ಹೇಳಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಹೊಳೆಯ ದಂಡೆಗೆ ಗಾಳ ಹಾಕಲು ಹೋದರು. ಜೋಯಿಸರಂತೂ ಒಂದು ತಿಂಗಳಲ್ಲಿ ಹತ್ತು ವರ್ಷ ಚಿಕ್ಕವರಾದರು. ಒಂದೊಂದು ಹಾಳೆ ಬಂದಾಗಲೂ ಓದಿ, "ಹೊಂದುತ್ತೆ! ನೋಡಮ್ಮ, ಹೊಂದುತ್ತೆ!" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಗಡಿಯಾರಗಳನ್ನು ಮುಂದೆ ತಿರುಗಿಸಬೇಕೋ ಬೇಡವೋ ಎಂದು ಚಾವಡಿಯಲ್ಲಿ ಸಭೆಯಾಯಿತು. ಮುಂದೆ ತಿರುಗಿಸಿದರೆ ಆ ಮಕ್ಕಳಿಗೆಲ್ಲ ಕೊಟ್ಟ ಅರ್ಧ ನಿಮಿಷವನ್ನು ಕಿತ್ತ ಹಾಗಾಗುತ್ತದೆ ಎಂದು ರಾಮೋಜಿ ಹೇಳಿದ. ಅದು ಎಲ್ಲರಿಗೂ ಸರಿಯೆನ್ನಿಸಿತು. ಹಾಗೇ ಬಿಟ್ಟೆವು.

ಕಣ್ಣು ತೆರೆದುಕೊಂಡು ನಾನು ಅತ್ತೆಯ ಮೈ ಒರೆಸಿದೆ, ಸೀರೆ ಉಡಿಸಿದೆ, ಎಣ್ಣೆ ನೀವಿದೆ. ಎರಡು ತಿಂಗಳಿಗೆ ಅವರು ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಮೂರನೆಯ ತಿಂಗಳು ಮೇಸ್ತ್ರಿ ಬಂದು ಗೋಡೆಯನ್ನು ಒಡೆದು ಬಾಗಿಲಿನಷ್ಟು ದಾರಿ ಮಾಡಿದ. ಆ ಧೂಳು ಗುಡಿಸಿ ಮುಗಿಯುವುದರೊಳಗೆ ಅತ್ತೆ ಕೋಲೂರಿಕೊಂಡು ನನ್ನ ಅಡಿಗೆಮನೆಗೆ ಬಂದರು. ಗೋಡೆ ಎದ್ದ ಮೇಲೆ ಮೊದಲ ಸಲ ಬಂದದ್ದು. ಸುತ್ತ ನೋಡಿದರು. ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ಮೂಸಿದರು. ಒಲೆಯ ಮೇಲೆ ಕುದಿಯುತ್ತಿದ್ದ ಸಾರಿಗೆ ಸೌಟು ಹಾಕಿ ರುಚಿ ನೋಡಿದರು.

"ಇದನ್ನೇನಾ ಇಷ್ಟು ವರ್ಷ ನನ್ನ ಮಗನಿಗೆ ಹಾಕ್ತಾ ಇದ್ದದ್ದು?"

"ನಿಮಗೂ ಇದನ್ನೇ ದಾಟಿಸ್ತಾ ಇದ್ದೆ. ಚೆನ್ನಾಗಿದೆ ಅಂತಿದ್ರಿ."

"ಮುಖ ಕಾಣದೋಳಿಗೆ ಇನ್ನೇನು ಹೇಳೋದು? ಬೇಜಾರು ಮಾಡ್ಕೊಂಡ್ಯೋ ಇಲ್ವೋ ಅಂತ ನಂಗೆ ಗೊತ್ತಾಗೋದಾದ್ರೂ ಹೇಗೆ? ಹುಣಸೆಹಣ್ಣು ಅತಿಯಾಯ್ತು."

"ಅತಿಯಾಗಿಲ್ಲ."

"ಆಗಿದೆ. ಮತ್ತೆ ಇಂಗನ್ನ ಹೀಗೆ ತೆರೆದಿಡ್ತಾರೇನೇ ಯಾರಾದ್ರೂ?"

"ನಮ್ಮಮ್ಮನ ಮನೇಲಿ ಹೀಗೇ ಇಡೋದು."

"ಅದಕ್ಕೇ ಹೀಗೆ!"

ನಾನು ಸೌಟನ್ನು ಅವರ ಕೈಯಿಂದ ಕಿತ್ತುಕೊಂಡೆ. ಅವರು ಮತ್ತೆ ಕಿತ್ತುಕೊಂಡರು. ದನಿ ಏರಿತು. ಮೂರನೆಯ ಮನೆಯವರೆಗೂ ಕೇಳಿಸಿತಂತೆ. ಗಂಡ ಕೈಯಲ್ಲಿ ಬಣ್ಣದ ಕುಂಚ ಹಿಡಿದುಕೊಂಡೇ ಓಡಿಬಂದು ಬಾಗಿಲಲ್ಲಿ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ನಾವು ಜಗಳವಾಡುತ್ತಿದ್ದೆವು. ಅತ್ತೆಯ ಹುಬ್ಬು ಮೇಲೇರಿದಾಗ ಆ ಮಚ್ಚೆಯೂ ಏರುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು.